ಅಟ್ಟದ ಮೇಲಿನ ಋಣ

ಮನೆಯಲ್ಲಿ ಕೂಡಿಬಿದ್ದ ವಸ್ತುಗಳನ್ನು ಏನು ಮಾಡಬೇಕೆಂಬುದು ಮೇಲ್ನೋಟಕ್ಕೆ ಗೃಹಕೃತ್ಯದ ಪ್ರಶ್ನೆ. ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಅದಕ್ಕೆ ಸ್ಥಳವೆಲ್ಲಿಯದು ಎಂದು ಓದುಗರು ಕೇಳಬಹುದು. ಆದರೆ ಎಪ್ಪತ್ತು ದಾಟಿದ ನಮ್ಮಂಥವರಿಗೆ ಇದು ವರ್ಷದಿಂದ ವರ್ಷಕ್ಕೆ ಧರ್ಮದ ಪ್ರಶ್ನೆಯಾಗಿ ಕಾಣತೊಡಗಿದೆ. ಯಾವುದನ್ನು ಇಟ್ಟುಕೊಳ್ಳುವ ಹಕ್ಕು ನಮಗಿದೆ? ಯಾವುದನ್ನು ಬಿಸಾಡುವ ಹಕ್ಕು ನಮಗಿದೆ? ಇಟ್ಟುಕೊಂಡರೆ ಲೋಭವೆನ್ನುತ್ತಾರೆ, ಬಿಸಾಡಿದರೆ ಕೃತಘ್ನತೆ ಎನ್ನುತ್ತಾರೆ. ಇವೆರಡರ ನಡುವೆ ಸರಿಯಾದ ದಾರಿ ಯಾವುದೆಂಬುದನ್ನು ನಮ್ಮ ಅಲ್ಪ ತಿಳಿವಳಿಕೆಯ ಮಿತಿಯಲ್ಲಿ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ನಮ್ಮ ಕಾಸರಗೋಡು ಸೀಮೆಯಲ್ಲಿ ಮನೆ ಶುಚಿಗೊಳಿಸುವ ದೊಡ್ಡ ಕೆಲಸ ನಡೆಯುವುದು ವಿಷುವಿನ ಮೊದಲು. ಮೇಷ ಸಂಕ್ರಮಣದ ಹೊತ್ತಿಗೆ ಬಿಸಿಲು ಚೆನ್ನಾಗಿ ಕಾದಿರುತ್ತದೆ. ಅಟ್ಟದಲ್ಲಿರುವುದನ್ನೆಲ್ಲ ಅಂಗಳಕ್ಕೆ ಇಳಿಸಿ, ಒಣಗಿಸಿ, ಮರಳಿ ಏರಿಸಲು ಅದೇ ತಕ್ಕ ಕಾಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ನಾಡಿನಲ್ಲಿ ಕಾಗದ, ಬಟ್ಟೆ, ಮರ ಯಾವುದರ ಆಯುಷ್ಯಕ್ಕೂ ಭರವಸೆಯಿಲ್ಲ. ಹಿಂದಿನ ಹೆಂಚಿನ ಮನೆಗಳಲ್ಲಿ ಅಡುಗೆಮನೆಯ ಹೊಗೆ ಅಟ್ಟಕ್ಕೆ ತಾಗುತ್ತಿತ್ತು. ಹೊಗೆ ಕುಡಿದ ವಸ್ತುವಿಗೆ ಗೆದ್ದಲು ಬೇಗ ಹತ್ತುತ್ತಿರಲಿಲ್ಲ. ಆದುದರಿಂದ ಹಿರಿಯರು ಬೇಕಾದುದನ್ನೂ, ಮುಂದೆ ಬೇಕಾಗಬಹುದಾದುದನ್ನೂ, ಬೇಕೋ ಬೇಡವೋ ಎಂದು ತೀರ್ಮಾನಿಸಲಾಗದುದನ್ನೂ ಒಟ್ಟಾಗಿ ಅಟ್ಟಕ್ಕೇರಿಸಿದರು. ಮದುವೆ ಮುಂಜಿಗೆ ಬೇಕಾಗುತ್ತಿದ್ದ ಕೊಪ್ಪರಿಗೆ, ಉರುಳಿ, ಉಪ್ಪಿನಕಾಯಿಯ ಭರಣಿ, ಸೇರು, ಕಳಸಿಗೆ, ನೊಗ, ತೊಟ್ಟಿಲು, ಅವುಗಳ ನಡುವೆ ಟ್ರಂಕಿನಲ್ಲಿ ಯಕ್ಷಗಾನ ಪ್ರಸಂಗದ ಪುಸ್ತಕಗಳು, ಹಳೆಯ ಪಂಚಾಂಗಗಳು, ತೀರ್ವೆಯ ರಶೀದಿಗಳು, ಗೇಣಿ ಚೀಟಿಗಳು. ನಮ್ಮ ಮನೆಯಲ್ಲಿ ಕೆಳಗಡೆಯೂ ಇನ್ನೊಂದು ಅಟ್ಟ ಹುಟ್ಟಿಕೊಂಡಿದೆ. ದನ ಕಟ್ಟುತ್ತಿದ್ದ ಹಟ್ಟಿ ಈಗ ಕಾರಿನ ಶೆಡ್ಡು. ಅಲ್ಲಿ ಕಾರಿಗಿಂತ ಹೆಚ್ಚು ಸ್ಥಳವನ್ನು ಅಡಿಕೆಗೆ ಮೈಲುತುತ್ತು ಹೊಡೆಯುವ ಕೆಟ್ಟ ಪಂಪು, ಸವೆದ ಟಯರು, ಮುರಿದ ಪ್ಲಾಸ್ಟಿಕ್ ಕುರ್ಚಿ, ಹಳೆಯ ಟಿ.ವಿ., ಅರ್ಧ ಉಳಿದ ಪೈಂಟಿನ ಡಬ್ಬಿಗಳು ಆಕ್ರಮಿಸಿಕೊಂಡಿವೆ.

ಮೊದಲು ಎಳೆಯರ ವಾದವನ್ನು ನ್ಯಾಯವಾಗಿ ಹೇಳಬೇಕು. ಅವರು ಹೇಳುವುದು ಸುಳ್ಳಲ್ಲ. ಒಟ್ಟುಗೂಡಿಸಿದ ವಸ್ತು ಇಲಿಗೆ ಮನೆ, ಇಲಿಯಿದ್ದಲ್ಲಿಗೆ ಹಾವು ಬರುತ್ತದೆ. ಧೂಳು ಉಬ್ಬಸವನ್ನು ಕೆರಳಿಸುತ್ತದೆ. ಈಗಿನ ತಾರಸಿ ಮನೆಗೆ ಅಟ್ಟವೇ ಇಲ್ಲ. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿಗೆ ಮೂರಾಳು ಸೇರಿ ಎತ್ತಬೇಕಾದ ಕೊಪ್ಪರಿಗೆಯನ್ನು ಒಯ್ಯುವುದು ಹೇಗೆ? ಜಪಾನಿನ ಮರಿ ಕೊಂಡೊ ಎಂಬ ಮಹಿಳೆ ಮನೆ ಓರಣಗೊಳಿಸುವ ಕುರಿತು ಬರೆದು ಜಗತ್ಪ್ರಸಿದ್ಧರಾಗಿದ್ದಾರೆ. ವಸ್ತುವನ್ನು ಕೈಗೆತ್ತಿಕೊಂಡಾಗ ಮನಸ್ಸಿಗೆ ಸಂತೋಷವಾಗುವುದೇ ಎಂದು ನೋಡಿರಿ, ಆಗದಿದ್ದರೆ ಅದಕ್ಕೆ ಕೃತಜ್ಞತೆ ಹೇಳಿ ಬೀಳ್ಕೊಡಿರಿ ಎಂಬುದು ಅವರ ಸೂತ್ರ. ಸ್ವೀಡನ್ನಿನ ಮಾರ್ಗರೆಟಾ ಮಾಗ್ನುಸ್ಸನ್ 2017ರಲ್ಲಿ ಪ್ರಕಟಿಸಿದ ಪುಸ್ತಕ ಇನ್ನೂ ನೇರವಾಗಿ ನಮ್ಮ ವಯಸ್ಸಿನವರನ್ನು ಉದ್ದೇಶಿಸಿದೆ. ಸಾಯುವ ಮುನ್ನ ಮನೆಯನ್ನು ತಾವೇ ಬರಿದು ಮಾಡುವುದು ಮುದುಕರ ಕರ್ತವ್ಯ, ಆ ಹೊರೆಯನ್ನು ಮಕ್ಕಳ ತಲೆಗೆ ಕಟ್ಟಬಾರದು ಎಂದು ಅವರು ಹೇಳುತ್ತಾರೆ. ಈ ಮಾತಿನಲ್ಲಿ ಕಾರುಣ್ಯವಿದೆ. ನಮ್ಮ ಮನೆಯವರು ಇದನ್ನು ಯಾವ ಪುಸ್ತಕವನ್ನೂ ಓದದೆ ನಲವತ್ತು ವರ್ಷಗಳಿಂದ ಹೇಳುತ್ತ ಬಂದಿದ್ದಾರೆ: "ಇಡುವವರು ನೀವು, ಧೂಳು ಹೊಡೆಯುವವಳು ನಾನು." ಇಟ್ಟುಕೊಳ್ಳುವುದರ ಮಹತ್ತ್ವವನ್ನು ಕುರಿತು ಉಪನ್ಯಾಸ ಮಾಡುವ ಗಂಡಸರೆಲ್ಲರೂ ಈ ಮಾತಿಗೆ ಮೊದಲು ಉತ್ತರ ಕೊಡಬೇಕು.

ನಮ್ಮ ಪರಂಪರೆಯೂ ಇಟ್ಟುಕೊಳ್ಳುವವರ ಪಕ್ಷದಲ್ಲಿದ್ದಂತೆ ತೋರುವುದಿಲ್ಲ. ಜೈನರು ಅಪರಿಗ್ರಹವನ್ನು ಪಂಚವ್ರತಗಳಲ್ಲಿ ಒಂದೆಂದು ಗಣಿಸಿದರು. ಮುನಿಗಳಿಗೆ ಅದು ಪೂರ್ಣತ್ಯಾಗ. ಗೃಹಸ್ಥರಿಗೆ ಪರಿಗ್ರಹ ಪರಿಮಾಣ, ಅಂದರೆ ಇಷ್ಟೇ ಸಾಕು ಎಂದು ತನಗೆ ತಾನೇ ಮಿತಿ ಹಾಕಿಕೊಳ್ಳುವುದು. ಶರಣರ ದಾಸೋಹದಲ್ಲಿಯೂ ನಾಳೆಗೆಂದು ಕೂಡಿಡುವುದಕ್ಕೆ ಮನ್ನಣೆಯಿಲ್ಲ. ಹಾಗಾದರೆ ಅಟ್ಟವನ್ನು ಬರಿದು ಮಾಡುವ ಮೊಮ್ಮಕ್ಕಳು ತಮಗರಿಯದೆಯೇ ಅಪರಿಗ್ರಹ ವ್ರತವನ್ನು ಆಚರಿಸುತ್ತಿದ್ದಾರೆಯೆ?

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ದಿಗಂಬರ ಮುನಿ ಉಟ್ಟ ಬಟ್ಟೆಯನ್ನೂ ತ್ಯಜಿಸಿದವನು. ಆದರೂ ಆತನ ಬಳಿ ಮೂರು ವಸ್ತುಗಳಿರಲು ಶಾಸ್ತ್ರದ ಒಪ್ಪಿಗೆಯಿದೆ: ಜೀವಿಗಳಿಗೆ ನೋವಾಗದಂತೆ ನೆಲವನ್ನು ಸವರಲು ನವಿಲುಗರಿಯ ಪಿಂಛ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರಗ್ರಂಥ. ಇವನ್ನು ಪರಿಗ್ರಹವೆನ್ನದೆ ಉಪಕರಣವೆಂದರು. ಕೈಯಲ್ಲಿ ವಸ್ತುವಿರುವುದು ದೋಷವಲ್ಲ, 'ಇದು ನನ್ನದು' ಎಂಬ ಹಿಡಿತ ದೋಷ ಎಂಬ ಸೂಕ್ಷ್ಮ ಇದರಲ್ಲಿ ಅಡಗಿದೆ. ಗಾಂಧೀಜಿಯವರ ಬದುಕಿನಿಂದಲೂ ಇದಕ್ಕೆ ನಿದರ್ಶನ ಕೊಡಬಹುದು. ಕಾಕಾ ಕಾಲೇಲ್ಕರರು ಹೇಳಿರುವ ಒಂದು ಪ್ರಸಂಗವನ್ನು ನಾವು ತರಗತಿಯಲ್ಲಿ ಅನೇಕ ಬಾರಿ ಹೇಳಿದ್ದೇವೆ. ಗಾಂಧೀಜಿ ಒಮ್ಮೆ ಏನನ್ನೋ ಆತಂಕದಿಂದ ಹುಡುಕುತ್ತಿದ್ದರಂತೆ. ಕೇಳಿದರೆ, ಒಂದು ಚಿಕ್ಕ ಪೆನ್ಸಿಲಿನ ತುಂಡು. ಬೇರೆ ಪೆನ್ಸಿಲನ್ನು ಕೊಡಹೋದರೆ ಒಪ್ಪಲಿಲ್ಲ. ಅದು ಮದರಾಸಿನಲ್ಲಿ ನಟೇಶನ್ ಅವರ ಪುಟ್ಟ ಮಗ ಪ್ರೀತಿಯಿಂದ ತಂದುಕೊಟ್ಟದ್ದು, ಅದನ್ನು ಕಳೆಯಬಾರದು ಎಂದರಂತೆ. ಅತ್ಯಲ್ಪ ವಸ್ತುಗಳಿಂದ ಬದುಕಿದ ಮನುಷ್ಯ ಎರಡಂಗುಲದ ಪೆನ್ಸಿಲನ್ನು ಬಿಡಲಾರದೆ ಹುಡುಕಿದ್ದು ವಿರೋಧಾಭಾಸವಲ್ಲ. ಪೆನ್ಸಿಲಿನ ಮೇಲೆ ತನಗಿರುವ ಹಕ್ಕಿಗಾಗಿ ಅವರು ಹುಡುಕಲಿಲ್ಲ; ಅದರ ಮೂಲಕ ಆ ಮಗುವಿಗೆ ತಾನು ಸಲ್ಲಿಸಬೇಕಾದುದಕ್ಕಾಗಿ ಹುಡುಕಿದರು.

ಆದುದರಿಂದ ವಸ್ತುವನ್ನು ಕೈಗೆತ್ತಿಕೊಂಡಾಗ 'ಇದರಿಂದ ನನಗೆ ಸಂತೋಷವಾಗುತ್ತದೆಯೆ' ಎಂಬ ಪ್ರಶ್ನೆ ಪೂರ್ಣವಲ್ಲವೆಂದು ನಮಗೆ ತೋರುತ್ತದೆ. ಅದು ನಮ್ಮ ಸ್ವಂತದ ವಸ್ತುಗಳಿಗೆ ಸಲ್ಲುವ ಪ್ರಶ್ನೆ. ಅದಕ್ಕೂ ಮೊದಲು ಕೇಳಬೇಕಾದುದು 'ಇದು ಯಾರದು' ಎಂದು. ನಮ್ಮದನ್ನು ಬಿಟ್ಟರೆ ತ್ಯಾಗ. ಇನ್ನೊಬ್ಬರಿಗಾಗಿ ನಮ್ಮ ವಶದಲ್ಲಿ ಇರುವುದನ್ನು ಬಿಸಾಡಿದರೆ ಅದು ತ್ಯಾಗವೆನಿಸದು, ಇಟ್ಟ ವಿಶ್ವಾಸಕ್ಕೆ ತಪ್ಪಿದಂತಾಗುತ್ತದೆ.

ಗ್ರಂಥಗಳ ಚರಿತ್ರೆಯಿಂದ ಮೂರು ಸಂಗತಿಗಳನ್ನು ಇಲ್ಲಿ ನೆನೆಯಬಹುದು. ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಮುದ್ರಣವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯೂ ಲಿಪಿಕಾರನೊಬ್ಬನ ಹಲವು ದಿನಗಳ ದುಡಿಮೆ. ತನ್ನ ಭಂಡಾರದಲ್ಲಿ ಒಂದು ಪ್ರತಿಯನ್ನು ಭದ್ರವಾಗಿಟ್ಟರೆ ಸಾಲದು, ಸಾವಿರ ಮನೆಗಳಲ್ಲಿದ್ದರೆ ಯಾವುದಾದರೂ ಒಂದು ಉಳಿದೀತು ಎಂಬುದನ್ನು ಆಕೆ ಅರಿತಿದ್ದಳು. ಎರಡನೆಯದು ನಮ್ಮ ನೆರೆಯ ಮೂಡುಬಿದಿರೆಯದು. ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಳಾ ವ್ಯಾಖ್ಯಾನದ ಓಲೆಗರಿಗಳು ಅಲ್ಲಿಯ ಬಸದಿಯಲ್ಲಿ ಶತಮಾನಗಳ ಕಾಲ ಇದ್ದವು. ಭಾಷೆ ಪ್ರಾಕೃತ, ಲಿಪಿ ಹಳೆಯ ಕನ್ನಡ. ಯಾತ್ರಿಕರು ಬಂದು ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರು, ಓದಿ ಅರ್ಥ ಮಾಡಿಕೊಳ್ಳಬಲ್ಲವರು ವಿರಳವಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿ ತೆಗೆಯುವ ಕೆಲಸ ಆರಂಭವಾಗಿ, 1939ರಿಂದ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅದು ಮುದ್ರಣಗೊಂಡಿತು. ಮೂರನೆಯದು ಮೈಸೂರಿನದು. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ಅಲ್ಲಿಯ ಸರಕಾರಿ ಪ್ರಾಚ್ಯ ಗ್ರಂಥಾಲಯಕ್ಕೆ ಒಪ್ಪಿಸಿದರು. ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ 1909ರಲ್ಲಿ ಪ್ರಕಟಿಸಿದರು. ಒಪ್ಪಿಸಿದವರ ಹೆಸರು ಲೋಕಕ್ಕೆ ತಿಳಿಯದೆ ಹೋಯಿತು.

ಅತ್ತಿಮಬ್ಬೆ ಹಂಚಿದಳು, ಮೂಡುಬಿದಿರೆಯವರು ಬಿಡದೆ ಕಾದರು, ತಂಜಾವೂರಿನ ಪಂಡಿತರು ಯೋಗ್ಯರಿಗೆ ಒಪ್ಪಿಸಿದರು. ಮಾಡಿದ್ದು ಬೇರೆ ಬೇರೆ. ಆದರೆ ತನಗೆ ಉಪಯೋಗವಿದೆಯೆ ಎಂಬುದು ಮೂವರಿಗೂ ಮುಖ್ಯವಾಗಲಿಲ್ಲ. ಮೂಡುಬಿದಿರೆಯ ನಿದರ್ಶನ ನಮ್ಮನ್ನು ವಿಶೇಷವಾಗಿ ಎಚ್ಚರಿಸುತ್ತದೆ. ಓದಲಾಗದುದನ್ನು ಇಟ್ಟುಕೊಂಡು ಏನು ಪ್ರಯೋಜನ ಎಂದು ಅಲ್ಲಿಯ ಯಾವುದೋ ಒಂದು ತಲೆಮಾರು ಲೆಕ್ಕ ಹಾಕಿದ್ದರೆ, ಓದಬಲ್ಲವರು ಬರುವ ವೇಳೆಗೆ ಓದಲು ಏನೂ ಇರುತ್ತಿರಲಿಲ್ಲ. ತಮಿಳಿನ ಹಳೆಯ ಗ್ರಂಥಗಳಿಗಾಗಿ ಊರೂರು ಅಲೆದ ಉ.ವೇ. ಸ್ವಾಮಿನಾಥ ಅಯ್ಯರ್ (1855-1942) ಹೋದಲ್ಲೆಲ್ಲ ಕಂಡದ್ದು ಇದೇ ನಷ್ಟವನ್ನು. ಶಿಥಿಲವಾದ ಓಲೆಗಳನ್ನು ಹೊಳೆಗೆ ಬಿಡುವುದು ಅಥವಾ ಅಗ್ನಿಗೆ ಅರ್ಪಿಸುವುದು ಶ್ರೇಯಸ್ಕರವೆಂದು ಜನ ನಂಬಿದ್ದರು. ಅವರು ಗ್ರಂಥದ್ವೇಷಿಗಳಲ್ಲ, ಭಕ್ತಿಯಿಂದಲೇ ಹಾಗೆ ಮಾಡಿದರು. ಬೀಳ್ಕೊಡುಗೆಯಲ್ಲಿ ಭಕ್ತಿ, ಕೃತಜ್ಞತೆಗಳಿದ್ದ ಮಾತ್ರಕ್ಕೆ ಬೀಳ್ಕೊಟ್ಟದ್ದು ಸರಿಯಾಗುವುದಿಲ್ಲ.

ಹಾಗೆಂದು ಎಲ್ಲವನ್ನೂ ಇಡಬೇಕೆ? ಇಡಲಾಗದು. ಇಲ್ಲಿ ನಮ್ಮ ವೃತ್ತಿಯ ಅನುಭವವನ್ನು ಹೇಳುವುದಕ್ಕೆ ಅಪ್ಪಣೆಯಿರಲಿ. ಶಾಲೆಯ ಕಚೇರಿ ಈ ಸಮಸ್ಯೆಯನ್ನು ಬಹುಕಾಲದ ಹಿಂದೆಯೇ ಬಿಡಿಸಿಕೊಂಡಿದೆ. ಅಲ್ಲಿ ಕಾಗದವೆಲ್ಲ ಒಂದೇ ಅಲ್ಲ. ಹಾಜರಿ ಪುಸ್ತಕ, ಸಾದಾ ಪತ್ರವ್ಯವಹಾರ ಮುಂತಾದವನ್ನು ಗೊತ್ತಾದ ಅವಧಿಯ ಬಳಿಕ ನಾಶ ಮಾಡಬಹುದು. ಆದರೆ ಅಡ್ಮಿಶನ್ ರಿಜಿಸ್ಟರು ಶಾಶ್ವತ ದಾಖಲೆ. ಅದನ್ನು ಯಾವ ಮುಖ್ಯೋಪಾಧ್ಯಾಯನೂ ಮುಟ್ಟುವಂತಿಲ್ಲ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟ ಅಜ್ಜಿಯೊಬ್ಬರು ಪಿಂಚಣಿಗೆ ವಯಸ್ಸಿನ ಪುರಾವೆ ಬೇಕೆಂದು ಅರುವತ್ತು ವರ್ಷಗಳ ಮೇಲೆ ಬಂದು ನಿಂತಾಗ, ಕನ್ನಡದಲ್ಲಿ ಬರೆದ ಆ ಒಂದು ಸಾಲೇ ಅವರಿಗೆ ಆಸರೆ. ಮುರಿದ ಬೆಂಚು, ಒಡೆದ ಭೂಗೋಲ ಇವನ್ನು ದಾಸ್ತಾನು ಪುಸ್ತಕದಿಂದ ಕಡಿಮೆ ಮಾಡಬೇಕಾದರೂ ಪಟ್ಟಿ ಬರೆದು, ಮೇಲಿನವರ ಮಂಜೂರಾತಿ ಪಡೆಯಬೇಕು. ನಿವೃತ್ತಿಯ ದಿನ ಹಾರ ತುರಾಯಿಗಳ ಮುಂಚೆ ನಡೆಯುವ ಕೆಲಸವೆಂದರೆ ಚಾರ್ಜು ವಹಿಸಿಕೊಡುವುದು. ಪಟ್ಟಿಯನ್ನು ಹಿಡಿದು ಇಬ್ಬರೂ ಒಂದೊಂದನ್ನೇ ನೋಡಿ, ಬೀಗದ ಕೈಗೊಂಚಲು ಕೊಟ್ಟು, ಕೊಟ್ಟವನೂ ಕೊಂಡವನೂ ರುಜು ಹಾಕುತ್ತಾರೆ. ಅಲ್ಲಿಯವರೆಗೂ ಹೊಣೆ ಇಳಿಯುವುದಿಲ್ಲ. ಶಾಲೆಯ ಕಪಾಟು ನಮ್ಮದಲ್ಲವೆಂದು ನಮಗೆ ಸದಾ ನೆನಪಿತ್ತು. ಮನೆಯ ಅಟ್ಟವೂ ಪೂರ್ತಿಯಾಗಿ ನಮ್ಮದಲ್ಲವೆಂಬುದು ಮಾತ್ರ ನಮ್ಮಲ್ಲಿ ಹೆಚ್ಚಿನವರಿಗೆ ಹೊಳೆಯುವುದಿಲ್ಲ.

ಈ ದೃಷ್ಟಿಯಿಂದ ನೋಡಿದರೆ ರಾಶಿ ತಾನಾಗಿ ಬೇರ್ಪಡುತ್ತದೆ. ಮುರಿದ ಕುರ್ಚಿ, ಹರಿದ ಚೀಲ, ನಾವು ಕೊಂಡು ನಾವೇ ಮರೆತ ಸಾಮಾನು, ಇವು ನಮ್ಮವು. ಇವನ್ನು ಬಿಡಲು ಯಾರನ್ನೂ ಕೇಳಬೇಕಿಲ್ಲ, ಬಿಡದಿರುವುದೇ ಲೋಭ. ಕೊಪ್ಪರಿಗೆ, ಉರುಳಿಗಳು ಇನ್ನೂ ಕೆಲಸಕ್ಕೆ ಬರುವಂಥವು. ಹತ್ತು ವರ್ಷಕ್ಕೊಮ್ಮೆಯೂ ಇಳಿಸದ ಕೊಪ್ಪರಿಗೆ ಊರಿನ ದೇವಸ್ಥಾನದ ಅನ್ನದಾನಕ್ಕೋ ಶಾಲೆಯ ಮಧ್ಯಾಹ್ನದ ಊಟಕ್ಕೋ ಹೋದರೆ ಅದು ಮತ್ತೆ ಒಲೆಯ ಮೇಲೆ ಕೂರುತ್ತದೆ. ಮಾಡಿಸಿದವರ ಇಚ್ಛೆಯೂ ಅದೇ ಆಗಿತ್ತು. ಸೇರು, ಕಳಸಿಗೆಗಳ ಮಾತು ಬೇರೆ. ಕಿಲೋ ಲೀಟರುಗಳು ಬಂದ ಮೇಲೆ ಅವು ಅಳತೆಗೆ ಬಾರವು. ಆದರೆ ಇಂತಿಷ್ಟು ಮುಡಿ, ಇಂತಿಷ್ಟು ಸೇರು ಎಂದು ಬರೆದ ಹಳೆಯ ಕಾಗದವನ್ನು ಅರ್ಥ ಮಾಡಿಕೊಳ್ಳಬೇಕಾದವರಿಗೆ ಅವೇ ನಿಘಂಟು. ಒಂದೂರಿನಲ್ಲಿ ಒಂದು ಜತೆ ಶಾಲೆಯಲ್ಲಿದ್ದರೆ ಸಾಕು, ಮನೆಮನೆಯಲ್ಲಿ ಬೇಡ.

ಇನ್ನೊಂದು ಬಗೆಯ ವಸ್ತುಗಳಿವೆ. ಅವನ್ನು ಇಡಲೂ ಬಾರದು, ಎಲ್ಲೆಂದರಲ್ಲಿ ಬಿಸಾಡಲೂ ಬಾರದು. ಶೆಡ್ಡಿನ ಮೂಲೆಯ ಕೀಟನಾಶಕದ ಡಬ್ಬಿ, ಸತ್ತ ಬ್ಯಾಟರಿ, ಟ್ಯೂಬ್ ಲೈಟು. 'ಬಿಸಾಡು' ಎಂಬ ಕ್ರಿಯಾಪದಕ್ಕೆ 'ಎಲ್ಲಿಗೆ' ಎಂಬ ಪ್ರಶ್ನೆ ಅಂಟಿಕೊಂಡೇ ಇದೆ. ನಮ್ಮ ಬೇಲಿಯಾಚೆಗೆ ಎಸೆದದ್ದು ಇನ್ನೊಬ್ಬರ ಬೇಲಿಯೊಳಗೆ ಬೀಳುತ್ತದೆ, ಮಳೆ ಬಂದರೆ ಎಲ್ಲರ ಬಾವಿಗೆ ಇಳಿಯುತ್ತದೆ. ಇದನ್ನು ಕಾಸರಗೋಡಿನವರಿಗೆ ವಿವರಿಸಿ ಹೇಳಬೇಕಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುವುದು ನಿಂತದ್ದು 2000ದಲ್ಲಿ. ದೇಶದಾದ್ಯಂತ ಅದಕ್ಕೆ ಸುಪ್ರೀಂ ಕೋರ್ಟಿನ ತಡೆ ಬಿದ್ದದ್ದು 2011ರಲ್ಲಿ. ಸಿಂಪಡಣೆ ನಿಂತ ಮೇಲೂ ಗೋದಾಮುಗಳಲ್ಲಿ ಉಳಿದ ವಿಷವನ್ನು ಎಲ್ಲಿ, ಹೇಗೆ ಇಲ್ಲವಾಗಿಸುವುದೆಂಬ ಪ್ರಶ್ನೆ ವರ್ಷಗಟ್ಟಲೆ ಹಾಗೆಯೇ ಉಳಿಯಿತು. ಇಂದು ಹರಿತ ಕರ್ಮಸೇನೆಯ ಮಹಿಳೆಯರು ಪ್ರತಿ ತಿಂಗಳು ಮನೆಬಾಗಿಲಿಗೆ ಬಂದು ಪ್ಲಾಸ್ಟಿಕ್ಕನ್ನು ಒಯ್ಯುತ್ತಾರೆ. ಅದನ್ನು ತೊಳೆದು ಒಣಗಿಸಿ ಕೊಡುವ ಮನೆಗಳಿವೆ. ಹುಳ ಹತ್ತಿದ ಎಂಜಲಿನೊಡನೆ ಚೀಲದಲ್ಲಿ ತುರುಕಿ ಕೊಡುವ ಮನೆಗಳೂ ಇವೆ. ಎರಡೂ ಮನೆಗಳು ಒಳಗಿನಿಂದ ಸ್ವಚ್ಛವಾಗಿಯೇ ಕಾಣುತ್ತವೆ. ತನ್ನ ಮನೆ ಸ್ವಚ್ಛವಾಯಿತೆಂಬ ಸಮಾಧಾನ ಇನ್ನೊಬ್ಬರ ಕೈಯನ್ನು ಮಲಿನಗೊಳಿಸಿ ಬಂದುದಾದರೆ ಅದನ್ನು ಶುಚಿತ್ವವೆನ್ನಲು ಬರುವುದಿಲ್ಲ.

ಈಗ ಟ್ರಂಕಿನ ಕಾಗದಗಳಿಗೆ ಬರುತ್ತೇವೆ. ಗಡಿನಾಡಿನವರಿಗೆ ಅತ್ಯಂತ ಕಠಿನವಾದ ಭಾಗ ಇದೇ. 1956ರ ನವೆಂಬರ್ 1ರಂದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಅದಕ್ಕಿಂತ ಹಿಂದಿನ ಕ್ರಯಪತ್ರ, ಪಾಲುಪಟ್ಟಿ, ಲೆಕ್ಕದ ಪುಸ್ತಕ, ಕಾಗದ ಪತ್ರಗಳು ಇಲ್ಲಿಯ ಬಹಳಷ್ಟು ಮನೆಗಳಲ್ಲಿ ಕನ್ನಡದಲ್ಲಿವೆ. ಅವನ್ನು ಓದಬಲ್ಲವರು ನಾವು, ನಮ್ಮ ಮಕ್ಕಳು. ಮೊಮ್ಮಕ್ಕಳಲ್ಲಿ ಅನೇಕರು ಕನ್ನಡವನ್ನು ಆಡುತ್ತಾರೆ, ಅಕ್ಷರ ಬಾರದು. ಕೆಲವರು ಮಲೆಯಾಳದಲ್ಲಿ, ಹೆಚ್ಚಿನವರು ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಅವರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಇದರ ಪರಿಣಾಮವನ್ನು ಗಮನಿಸಬೇಕು. ಧಾರವಾಡದ ಮನೆಯೊಂದರಿಂದ ಹಳೆಯ ಕನ್ನಡ ಪುಸ್ತಕ ಹೊರಬಿದ್ದರೆ ಬೀದಿಯಲ್ಲಿ ಅದನ್ನು ಹೆಕ್ಕಿ ತಿರುವಿ ನೋಡುವ ಕನ್ನಡಿಗನೊಬ್ಬ ಸಿಕ್ಕಾನು. ಇಲ್ಲಿ ಹೊರಬಿದ್ದದ್ದು ನೇರವಾಗಿ ಗುಜರಿಗೆ ಹೋಗುತ್ತದೆ. ನಮ್ಮೂರಿಗೆ ಬರುವ ಗುಜರಿಯವನು ಒಳ್ಳೆಯ ಮನುಷ್ಯ, ಮೋಸದ ತಕ್ಕಡಿಯವನಲ್ಲ. "ಮಾಷ್ಟ್ರೇ, ಬೈಂಡು ಹರಿದು ಕೊಟ್ಟರೆ ರಟ್ಟಿಗೆ ಬೇರೆ ರೇಟು ಸಿಗುತ್ತದೆ" ಎಂದು ನಮ್ಮ ಲಾಭಕ್ಕೆಂದೇ ಹೇಳಿದನು. ಆತನ ಕಸಬಿಗೆ ಅದು ಸರಿಯಾದ ಮಾತು. ಪುಸ್ತಕವನ್ನು ತೂಕಕ್ಕೆ ಇಡುವ ಮೊದಲು ತೆರೆದು ನೋಡುವ ಹೊಣೆ ತಕ್ಕಡಿಯ ಈಚೆ ಬದಿಯಲ್ಲಿ ನಿಂತವರದು.

ತೆರೆದು ನೋಡಿದರೆ ಏನು ಸಿಗಬಹುದು ಎಂಬುದಕ್ಕೆ ಒಂದು ಸಂಗತಿಯನ್ನು ಹೇಳುತ್ತೇವೆ. ನಮ್ಮ ಟ್ರಂಕಿನಲ್ಲಿ ಒಂದು ಕಟ್ಟು ಗೇಣಿ ಚೀಟಿಗಳಿದ್ದವು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ಕೊನೆಗೊಂಡ ಮೇಲೆ ಅವುಗಳಿಗೆ ಕಾಗದದ ಬೆಲೆಯಷ್ಟೆ. ಮನೆಯ ಎಳೆಯರು ಅವನ್ನು ಸುಡೋಣವೆಂದರು. ಅವರ ಕಾರಣ ಜಾಗದ ಅಭಾವವಲ್ಲ. ಒಂದು ಚೀಟಿಯನ್ನು ನಾವು ಓದಿ ಹೇಳಿದೆವು: ವರ್ಷಕ್ಕೆ ಇಂತಿಷ್ಟು ಮುಡಿ ಅಕ್ಕಿ, ಹಬ್ಬಕ್ಕೆ ಬಾಳೆಗೊನೆ ಮತ್ತು ತೆಂಗಿನಕಾಯಿ, ತಪ್ಪಿದರೆ ಧಣಿಗಳು ಒಕ್ಕಲೆಬ್ಬಿಸಬಹುದು. ಕೊನೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಧಣಿಗಳೆಂದರೆ ನಮ್ಮ ಅಜ್ಜ. "ಇದನ್ನು ಇಟ್ಟುಕೊಂಡು ಮೆರೆಯುವುದೇನಿದೆ, ಅಜ್ಜ?" ಎಂದಳು ಮೊಮ್ಮಗಳು. ಆಕೆಯ ಮಾತಿನಲ್ಲಿ ನಾಚಿಕೆಯಿತ್ತು. ಆ ನಾಚಿಕೆ ಆಕೆಗೆ ಗೌರವವನ್ನೇ ತರುವಂಥದು.

ಮೆರೆಯುವುದಕ್ಕೆ ಏನೂ ಇಲ್ಲ, ಅದು ನಿಜ. ಆದರೆ ಸುಟ್ಟರೆ ಏನಾಗುತ್ತದೆ? ನಮ್ಮ ಮನೆಯ ಚರಿತ್ರೆ ಮಾತ್ರ ನಿರ್ಮಲವಾಗುತ್ತದೆ. ದುಡಿದವನ ಹೆಸರು ಇರುವ ಒಂದೇ ಕಾಗದವೂ ಹೋಗುತ್ತದೆ. ಧೂಳು ಹೊಡೆಯುವ ನೆಪದಲ್ಲಿ ಗತಕಾಲವನ್ನು ನಮಗೆ ಹಿತವಾಗುವಂತೆ ಗುಡಿಸಿಬಿಡುವುದು ಸುಲಭ. ಬಿಡುಗಡೆಯ ಹೆಸರಿನಲ್ಲಿ ಸಾಕ್ಷ್ಯವನ್ನು ನಾಶ ಮಾಡಿದಂತಾಗುವ ಪ್ರಸಂಗಗಳೂ ಉಂಟೆಂದು ನಮಗೆ ಆಗ ಮನದಟ್ಟಾಯಿತು. ಆ ಚೀಟಿಯಲ್ಲಿ ಎರಡು ಪಕ್ಷಗಳಿವೆ, ಆದುದರಿಂದ ಅದರ ಮೇಲೆ ಎರಡು ಮನೆಗಳಿಗೆ ಹಕ್ಕಿದೆ.

ಹೆಬ್ಬೆಟ್ಟು ಒತ್ತಿದವರ ಮೊಮ್ಮಗ ಬ್ಯಾಂಕಿನಿಂದ ನಿವೃತ್ತರಾಗಿ ನಮ್ಮ ಊರಿನಲ್ಲೇ ಇದ್ದಾರೆ. ಸ್ವಲ್ಪ ಅಳುಕಿನಿಂದಲೇ ಚೀಟಿಯನ್ನು ಅವರ ಮನೆಗೆ ಒಯ್ದೆವು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಶರತ್ತುಗಳ ವಿಷಯ ಏನೂ ಹೇಳಲಿಲ್ಲ. ಹೆಬ್ಬೆಟ್ಟಿನ ಗುರುತಿನ ಮೇಲೆ ಕೈಯಿಟ್ಟು, "ಮಾಷ್ಟ್ರೇ, ನಮ್ಮಲ್ಲಿ ಅಜ್ಜನ ಒಂದು ಫೋಟೋ ಕೂಡ ಇಲ್ಲ. ಇದು ಅವರದ್ದೇ ಬೆರಳಲ್ಲವೆ?" ಎಂದರು. ಮೂಲ ಚೀಟಿ ತಮ್ಮಲ್ಲಿರಲಿ ಎಂದು ಕೇಳಿದರು, ನಾವು ಸಂತೋಷದಿಂದ ಕೊಟ್ಟೆವು. ಬಾಗಿಲವರೆಗೆ ಬಂದು ಮತ್ತೊಂದು ಮಾತು ಹೇಳಿದರು: "ಒಂದು ಪ್ರತಿ ತೆಗೆದು ನೀವೂ ಇಟ್ಟುಕೊಳ್ಳಿ. ನಿಮ್ಮ ಮೊಮ್ಮಕ್ಕಳಿಗೂ ಇದು ಗೊತ್ತಿರಬೇಕು." ಅವರ ಧ್ವನಿಯಲ್ಲಿ ಕಹಿಯಿರಲಿಲ್ಲ. ಆದರೂ ಅದು ವಿನಂತಿಗಿಂತ ಹೆಚ್ಚಿನದು. ನಾವು ಪ್ರತಿ ತೆಗೆದು ಇಟ್ಟಿದ್ದೇವೆ.

ಇಲ್ಲಿಂದ ಇನ್ನೊಂದು ಸತ್ಯವೂ ಹೊರಡುತ್ತದೆ, ಅದು ನಮ್ಮಂಥ ಮುದುಕರಿಗೆ ಅಷ್ಟು ಪ್ರಿಯವಲ್ಲ. ಆ ಚೀಟಿ ಐವತ್ತು ವರ್ಷ ಟ್ರಂಕಿನಲ್ಲಿ ಸುರಕ್ಷಿತವಾಗಿತ್ತು, ಆದರೆ ಸಲ್ಲಬೇಕಾದವರಿಗೆ ಸಂದಿರಲಿಲ್ಲ. ಕಾದಿಡುವವನು ಯಾರಿಗೂ ತಿಳಿಸದೆ ಕಾದಿಟ್ಟರೆ, ಯಾರಿಗಾಗಿ ಕಾಯುತ್ತಿದ್ದಾನೋ ಅವರ ಪಾಲಿಗೆ ವಸ್ತು ಇದ್ದೂ ಇಲ್ಲದಂತೆ. ಗಾಂಧೀಜಿ ಹೇಳುತ್ತಿದ್ದ ಧರ್ಮದರ್ಶಿತ್ವದ ತತ್ತ್ವ ಸಂಪತ್ತಿಗೆ ಹೇಗೋ ನೆನಪಿಗೂ ಹಾಗೆಯೇ ಅನ್ವಯಿಸುತ್ತದೆ. ಮನುಷ್ಯ ಹುಟ್ಟುವಾಗಲೇ ದೇವಋಣ, ಋಷಿಋಣ, ಪಿತೃಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ಹಿಂದಿನವರು ಹೇಳಿದರು. ಇವುಗಳಲ್ಲಿ ಋಷಿಋಣ ತೀರುವುದು ಅಧ್ಯಯನದಿಂದ. ಗ್ರಂಥವನ್ನು ಕಟ್ಟಿ ಮೇಲಿಟ್ಟರೆ ತೀರುವುದೆಂದು ಯಾರೂ ಹೇಳಲಿಲ್ಲ. ಮೂಡುಬಿದಿರೆಯವರು ಕಾದದ್ದು ದೊಡ್ಡದು. ಆದರೆ ಪ್ರತಿ ತೆಗೆಯಲು ಒಪ್ಪಿದ ದಿನ ಆ ಕಾಯುವಿಕೆ ಸಾರ್ಥಕವಾಯಿತು.

ಆದುದರಿಂದ ಬರುವ ವಿಷುವಿನ ಮೊದಲು ನಮ್ಮ ಓರಗೆಯವರು ಮಾಡಬಹುದಾದುದನ್ನು ಹಳೆಯ ಅಭ್ಯಾಸಬಲದಿಂದ ನಿಯಮಗಳಂತೆ ಹೇಳುತ್ತೇವೆ, ಓದುಗರು ಮನ್ನಿಸಬೇಕು. ನಮ್ಮದೇ ಆದುದನ್ನು ತಡಮ�ಾಡದೆ ಬಿಡೋಣ, ಅದರ ಧೂಳು ಹೊಡೆಯುವ ಕೆಲಸದಿಂದ ಮನೆಯ ಹೆಣ್ಣುಮಕ್ಕಳನ್ನು ಬಿಡಿಸೋಣ. ಕೆಲಸಕ್ಕೆ ಬರುವುದನ್ನು ಕೆಲಸವಿರುವಲ್ಲಿಗೆ ಕೊಡೋಣ. ಅಪಾಯದ ವಸ್ತುವನ್ನು ಪಂಚಾಯತಿನವರಿಗೆ ತಿಳಿಸಿ ಕ್ರಮವಾಗಿ ಒಪ್ಪಿಸೋಣ. ಕಾಗದಗಳಲ್ಲಿ ಒಂದನ್ನೂ ಓದದೆ ಹೊರಗೆ ಹಾಕದಿರೋಣ. ಓದಿದ ಮೇಲೆ ಒಂದು ಹಾಳೆಯಲ್ಲಿ ಪಟ್ಟಿ ಬರೆಯೋಣ: ಇದು ಏನು, ಯಾರಿಗೆ ಸಂಬಂಧಪಟ್ಟದ್ದು, ನಮ್ಮ ನಂತರ ಯಾರಿಗೆ ಸೇರಬೇಕು. ಸಂಬಂಧಪಟ್ಟವರು ಹತ್ತಿರದಲ್ಲಿದ್ದರೆ ಈಗಲೇ ಕೊಟ್ಟುಬಿಡೋಣ. ಪ್ರಸಂಗದ ಹಸ್ತಪ್ರತಿ, ಓಲೆಗರಿ, ಹಳೆಯ ಪಠ್ಯಪುಸ್ತಕ ಇದ್ದರೆ ಕಾಸರಗೋಡಿನ ಸರಕಾರಿ ಕಾಲೇಜಿನ ಕನ್ನಡ ವಿಭಾಗದವರನ್ನು ಒಮ್ಮೆ ಕೇಳೋಣ. ಪಟ್ಟಿಯಲ್ಲಿ ಮೂರನೆಯ ಅಂಕಣ ತುಂಬದೆ ಉಳಿದ ವಸ್ತುವಿನ ವಿಷಯದಲ್ಲಿ ಮಾತ್ರ ಮನಸ್ಸು ತೂಗಬೇಕಾಗುತ್ತದೆ. ಅಂಥವು ನಾವು ಭಯಪಟ್ಟಷ್ಟು ಇರುವುದಿಲ್ಲವೆಂದು ನಮ್ಮ ಅನುಭವ.

ಪಟ್ಟಿಗೆ ಎರಡು ರುಜು ಬೇಕು, ಶಾಲೆಯಲ್ಲಿದ್ದಂತೆ. ಕೊಡುವವರ ರುಜು ನಮ್ಮದು. ಕೊಳ್ಳುವವರ ರುಜು ಮೊಮ್ಮಕ್ಕಳದಾಗಬೇಕಾದರೆ ಪಟ್ಟಿಯಲ್ಲಿ ಏನು ಬರೆದಿದೆಯೆಂದು ಅವರಿಗೆ ಓದಲು ಬರಬೇಕು. ಕೇರಳದ ಶಾಲೆಗಳಿಗೆ ಬೇಸಗೆ ರಜೆ ಎಪ್ರಿಲ್ ಮತ್ತು ಮೇ. ದಿನಕ್ಕೊಂದು ಕಾಗದವನ್ನು ಮುಂದಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರ ಕೂಡಿಸುತ್ತ ಮಗುವಿನೊಡನೆ ಕುಳಿತರೆ ಎರಡು ತಿಂಗಳಲ್ಲಿ ಟ್ರಂಕು ಅರ್ಧ ಬರಿದಾಗುತ್ತದೆ, ಮಗುವಿಗೆ ಒತ್ತಕ್ಷರದವರೆಗೆ ಕನ್ನಡ ಬರುತ್ತದೆ. ಗೇಣಿ ಚೀಟಿ ಒಳ್ಳೆಯ ಪಾಠವೆಂದು ಹಿಂದೆ ನಮಗೆ ತೋಚಿರಲಿಲ್ಲ; ಈಗ ಅದರಿಂದಲೇ ಆರಂಭಿಸಬಹುದೆಂದು ತೋರುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ ಇದನ್ನು ಮಾಡಿಕೊಳ್ಳಬೇಕು. ಜೂನಿನಲ್ಲಿ ಮಳೆ ಹಿಡಿಯುತ್ತದೆ.